ಪಿತ್ತನಾಳದ ರಿಪೇರಿಗೆ ಅವಸರ ಬೇಡ

"ಇವತ್ತೇ ಆಪ್ರೇಸನ್ ಮಾಡ್ಬುಡಿ ಸಾ." ಮಂಡ್ಯ ಕಡೆಯಿಂದ ಮೈಸೂರಿನ ನಮ್ಮ ವಾರ್ಡಿಗೆ ಬರುವವರು ಕೇಳುವುದೇ ಇದನ್ನು. ಪಿತ್ತಕೋಶ ತೆಗೆಸಿಕೊಂಡು ವಾರ, ಹತ್ತು ದಿನಕ್ಕೇ ಕಣ್ಣು ಹಳದಿ, ಮೈಯೆಲ್ಲ ನವೆ, ಚಳಿಜ್ವರ. ಆ ಆಪರೇಶನ್ನಿನಲ್ಲೇ ಲಿವರಿನಿಂದ ಕರುಳಿಗೆ ಪಿತ್ತ ಒಯ್ಯುವ ನಾಳಕ್ಕೆ ಪೆಟ್ಟಾಗಿರುತ್ತದೆ. ರೆಫರಲ್ ಚೀಟಿಯಲ್ಲಿ ಮಾತ್ರ "ಆಪರೇಶನ್ ಸುಸೂತ್ರ". ನಾಳ ಮುಚ್ಚುವ ಕ್ಲಿಪ್ ಎಲ್ಲಿ ಹಾಕಿದರು, ರಕ್ತ ಹೋಯಿತೇ, ಒಂದಕ್ಷರವೂ ಇರುವುದಿಲ್ಲ. ಆಪರೇಶನ್ ನೋಟ್ಸ್ ಇಲ್ಲದೆ ಕಳಿಸಿದರೆ ನಾವು ಕತ್ತಲಲ್ಲಿ ತಡಕಬೇಕು.

ಸೋಂಕಿರುವ ಹೊಟ್ಟೆಯಲ್ಲಿ ಹಾಕಿದ ಹೊಲಿಗೆ ನಿಲ್ಲುವುದಿಲ್ಲ. ಮೊದಲು ಆಂಟಿಬಯಾಟಿಕ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಏರಿದ್ದರೆ ವಿಟಮಿನ್ ಕೆ, ಪಿತ್ತ ಶೇಖರವಾಗಿದ್ದರೆ ಅದನ್ನು ಹೊರತೆಗೆಯಲು ಪಿಗ್‌ಟೇಲ್ ಕೊಳವೆ. ಜ್ವರ ಇಳಿಯದಿದ್ದರೆ ಪಿಟಿಬಿಡಿ, ಅಂದರೆ ಚರ್ಮ, ಲಿವರ್ ಮೂಲಕ ನಾಳಕ್ಕೆ ಕೊಳವೆ ಇಟ್ಟು ಪಿತ್ತ ಹೊರಬಿಡುವುದು. ಸೋರಿಕೆ ಆಗಿದ್ದವರಿಗೆ ರಿಪೇರಿ ಸಾಮಾನ್ಯವಾಗಿ 6 ವಾರದಿಂದ 3 ತಿಂಗಳ ನಂತರವೇ. ಅಷ್ಟರಲ್ಲಿ ಊತ ಇಳಿಯುತ್ತದೆ, ಊಟ ಸೇರಿ ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಏರುತ್ತದೆ.

ಇಆರ್‌ಸಿಪಿಗೆ (ಬಾಯಿಯಿಂದ ಸ್ಕೋಪ್ ಇಳಿಸಿ ನಾಳಕ್ಕೆ ಡೈ ಬಿಡುವುದು) ಮುಂಚೆ ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ) ಆಗಲಿ. ನಾಳ ಪೂರ್ತಿ ಮುಚ್ಚಿದ್ದರೆ ಇಆರ್‌ಸಿಪಿಯ ಡೈ ಕ್ಲಿಪ್ ಹತ್ತಿರವೇ ನಿಂತುಬಿಡುತ್ತದೆ. ನಮಗೆ ಬೇಕಿರುವುದು ಅದರ ಮೇಲಿನ ಭಾಗ: ಎಡ, ಬಲ ನಾಳ ಕೂಡುವ ಜಾಗ ಉಳಿದಿದೆಯೇ, ಅದರ ಕೆಳಗೆ 2 ಸೆಂ.ಮೀ.ಗಿಂತ ಹೆಚ್ಚು ನಾಳ ಸಿಗುತ್ತದೆಯೇ? ನಾಳದ ಪೆಟ್ಟನ್ನು ವಿಂಗಡಿಸುವ ಬಿಸ್ಮತ್ ವರ್ಗೀಕರಣದ ಬುನಾದಿಯೇ ಇದು. ಲಿವರಿಗೆ ರಕ್ತ ಒಯ್ಯುವ ಬಲ ಹೆಪಾಟಿಕ್ ಆರ್ಟರಿಗೂ ಪೆಟ್ಟಾಗಿರಬಹುದು, ಹಾಗಾಗಿ ಸಿಟಿ ಆಂಜಿಯೋ (ರಕ್ತನಾಳಗಳ ಸಿಟಿ ಸ್ಕ್ಯಾನ್) ಬಿಡಬೇಡಿ. ಹಿಂದೆ ಆಪರೇಶನ್ನೇ ಆಗದವರಲ್ಲಿ ನಾಳ ಕಿರಿದಾಗಿದ್ದರೆ ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವವರೆಗೆ ಬಿನೈನ್ ಎನ್ನಬೇಡಿ.

ನಾಳ ತುಂಡಾಗದೆ ಬರೀ ಕಿರಿದಾಗಿದ್ದರೆ ಬಲೂನ್ ಹಿಗ್ಗಿಸಿ 10 ಫ್ರೆಂಚ್ ಅಳತೆಯ ಸ್ಟೆಂಟ್‌ಗಳು (ನಾಳ ತೆರೆದಿಡುವ ಕೊಳವೆಗಳು). ಸುಮಾರು 3 ತಿಂಗಳಿಗೊಮ್ಮೆ ಬದಲಿಸುತ್ತ, ಸಂಖ್ಯೆ ಹೆಚ್ಚಿಸುತ್ತ ಒಂದು ವರ್ಷ. ತುಂಡಾಗಿದ್ದರೆ ರೂ-ಎನ್-ವೈ ಹೆಪಾಟಿಕೋಜೆಜುನಾಸ್ಟಮಿಯೇ ದಾರಿ, ಅಂದರೆ ಸಣ್ಣಕರುಳಿನ ಒಂದು ಲೂಪನ್ನು ಮೇಲೆ ತಂದು ಪಿತ್ತನಾಳಕ್ಕೆ ಹೊಲಿಯುವುದು.

ಥಿಯೇಟರಿನಲ್ಲಿ ಉಸಿರು ಬಿಗಿಹಿಡಿಸುವುದು ನಾಳ ಹುಡುಕುವ ಹೊತ್ತು. ಡುವೋಡಿನಮ್ (ಸಣ್ಣಕರುಳಿನ ಮೊದಲ ಭಾಗ), ಕೊಲನ್ (ದೊಡ್ಡಕರುಳು) ಎಲ್ಲ ಲಿವರಿಗೆ ಅಂಟಿಕೊಂಡಿರುತ್ತವೆ. ಹೈಲರ್ ಪ್ಲೇಟ್ (ನಾಳಗಳು ಲಿವರಿನಿಂದ ಹೊರಬರುವಲ್ಲಿನ ಪೊರೆ) ಇಳಿಸಿದ ಮೇಲೂ ಕಣ್ಣಿಗೆ ಕಂಡದ್ದನ್ನು ನಾಳವೆಂದು ನಂಬಿ ಬ್ಲೇಡ್ ಇಡಬಾರದು. ಸಣ್ಣ ಸೂಜಿ ಚುಚ್ಚಿ ಎಳೆಯಿರಿ. ಸಿರಿಂಜಿಗೆ ಪಿತ್ತ ಬಂದರೆ ಸರಿ. ರಕ್ತ ಬಂದರೆ ಸೂಜಿ ತೆಗೆದು, ಒತ್ತಿ ಹಿಡಿದು, ಬೇರೆ ಕಡೆ ನೋಡಿ. ಗಾಯದ ಗುರುತಿರುವ ತುದಿಗೆ ಹೊಲಿಯದೆ ಎಡನಾಳದ ಮುಂಗೋಡೆಯನ್ನು ಉದ್ದಕ್ಕೆ ಸೀಳಿ, ಕನಿಷ್ಠ 2 ಸೆಂ.ಮೀ. ಬಾಯಿ ಮಾಡಿಕೊಳ್ಳಬೇಕು. ಸೀಳಿದ ಅಂಚಿನಲ್ಲಿ ರಕ್ತ ಜಿನುಗಿದರೆ ಆ ನಾಳಕ್ಕೆ ಜೀವವಿದೆ ಎಂದರ್ಥ. ಜೆಜುನಮ್ (ಸಣ್ಣಕರುಳಿನ ನಡುಭಾಗ) ಲೂಪ್ 40ರಿಂದ 60 ಸೆಂ.ಮೀ., ಎಳೆತವಿಲ್ಲದೆ ಮೇಲೆ ಬರಬೇಕು. 5-0 ಪಿಡಿಎಸ್ ಎಂಬ ತಾನೇ ಕರಗುವ ತೆಳು ದಾರದಲ್ಲಿ ಬಿಡಿಬಿಡಿ ಹೊಲಿಗೆ, ಮ್ಯೂಕೋಸಾಗೆ (ಒಳಪೊರೆಗೆ) ಮ್ಯೂಕೋಸಾ ಕೂಡುವಂತೆ.

ಕಾಮಾಲೆ ಇಳಿದ ಕೂಡಲೇ ಫಾಲೋಅಪ್ ನಿಲ್ಲಿಸುವವರೇ ಹೆಚ್ಚು. ಜೋಡಣೆ ವರ್ಷಗಳ ನಂತರವೂ ಮತ್ತೆ ಕಿರಿದಾಗಬಹುದು. ಕಾಮಾಲೆ ತರುವ ಬಿಲಿರುಬಿನ್ ನಾರ್ಮಲ್ ಇದ್ದರೂ ಆಲ್ಕಲೈನ್ ಫಾಸ್ಫಟೇಸ್ (ಪಿತ್ತದ ಹರಿವು ತಡೆದಾಗ ಏರುವ ಕಿಣ್ವ) ಏರುತ್ತಿದ್ದರೆ ಎಂಆರ್‌ಸಿಪಿ ಮಾಡಿಸಿ. ರೂ ಲೂಪ್ ಆದವರಿಗೆ ಮಾಮೂಲಿ ಇಆರ್‌ಸಿಪಿ ಸ್ಕೋಪ್ ಅಲ್ಲಿಗೆ ತಲುಪುವುದು ಕಷ್ಟ. ಮೊದಲು ರೇಡಿಯಾಲಜಿಯವರನ್ನು ಕರೆದು ಚರ್ಮದ ಮೂಲಕ ಬಲೂನ್ ಹಿಗ್ಗಿಸಲು ಆಗುತ್ತದೆಯೇ ಕೇಳಿ.