75 ವಾಟಿನ ಪೆಟ್ಟಿಗೆ

ಕಾರ್ಡ್ ಬಿಟ್ಟಿ ಬಂತು. ಎಡವಟ್ಟು ಶುರುವಾಗಿದ್ದೇ ಅಲ್ಲಿಂದ.

ಅಕ್ಕನ ಮಗ ಹೊಸ ಗೇಮಿಂಗ್ ಮಷೀನ್ ಕಟ್ಟಿಕೊಂಡಿದ್ದ. ಸ್ಕ್ರೀನಿನ ಚಿತ್ರ ಬಿಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ. "ತಗೊಳ್ಳಿ ಮಾಮ, ಸುಮ್ನೆ ಬಿದ್ದಿದೆ" ಅಂದ. ಜಿಟಿಎಕ್ಸ್ 1060, 6 ಜಿಬಿ, 2016ರ ಮಾಲು. ಎರಡು ಫ್ಯಾನು, ಕೈಯಲ್ಲಿ ಹಿಡಿದರೆ ಸಣ್ಣ ದೋಸೆ ಹೆಂಚಿನ ಭಾರ. ಬಿಟ್ಟಿ ಸಿಕ್ಕಿದ್ದನ್ನು ಬೇಡ ಅನ್ನೋಕಾಗುತ್ತಾ?

ನಮಗೆ ಬೇಕೂ ಆಗಿತ್ತು. ಮಗಳು ಆರ್ಕಿಟೆಕ್ಚರ್ ಎರಡನೇ ವರ್ಷ. ಮನೆಯ ಮಾಡೆಲ್ ಕಟ್ಟಿ ಅದರೊಳಗೆ ಓಡಾಡಿ ತೋರಿಸಲು ಕಾಲೇಜಿನಲ್ಲಿ ಎನ್‌ಸ್ಕೇಪ್ ಬಳಸುತ್ತಾರೆ. ಆ ಸಾಫ್ಟ್‌ವೇರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು, ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ನಡೆಯುವುದಿಲ್ಲ. ಅವಳು ದಿನಾ ರಾತ್ರಿ ಎಂಟರವರೆಗೆ ಕಾಲೇಜ್ ಲ್ಯಾಬಿನಲ್ಲಿ ಕೂತು ಬರುತ್ತಿದ್ದಳು.

ಮನೆಯಲ್ಲಿದ್ದದ್ದು 2021ರಲ್ಲಿ ಆನ್‌ಲೈನ್ ಕ್ಲಾಸಿಗೆಂದು ತಂದ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್. ಬೆಂಗಳೂರಿನಲ್ಲಿ ಇಂಥವಕ್ಕೇನು ಬರವೇ? ಆಫೀಸುಗಳು ಲೀಸ್ ಮುಗಿದ ಮಷೀನನ್ನು ಲಾಟ್ ಲೆಕ್ಕದಲ್ಲಿ ಬಿಡುತ್ತವೆ, ಅಂಗಡಿಯವರು ಒರೆಸಿ ಮಾರುತ್ತಾರೆ. ನಮ್ಮದರ ನೆತ್ತಿಯ ಮೇಲೆ ಯಾವುದೋ ಆಫೀಸಿನ ಬಾರ್‌ಕೋಡ್ ಸ್ಟಿಕ್ಕರ್ ಇನ್ನೂ ಅಂಟಿಕೊಂಡಿದೆ. ಐ5 8500 ಪ್ರೊಸೆಸರ್, ಆರು ಕೋರ್, 16 ಜಿಬಿ ರ‍್ಯಾಮ್. ಗಟ್ಟಿ ಮಷೀನು, ಸುಳ್ಳು ಹೇಳಬಾರದು.

ನಾನು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವವನು. ಇಪ್ಪತ್ತೈದು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ರ‍್ಯಾಮ್ ಹಾಕಿದ್ದೇನೆ, ಹಾರ್ಡ್ ಡಿಸ್ಕ್ ಬದಲಾಯಿಸಿದ್ದೇನೆ. ಕಾರ್ಡ್ ಸಿಕ್ಕಿಸುವುದು ಏನು ಮಹಾ ಎಂದುಕೊಂಡು ಶನಿವಾರ ಬೆಳಿಗ್ಗೆ ತಿಂಡಿ ತಿಂದವನೇ ಪಕ್ಕದ ಮುಚ್ಚಳ ತೆಗೆದೆ. ಒಳಗೆ ನಾಲ್ಕು ವರ್ಷದ ಧೂಳು, ಫೆಲ್ಟ್ ಬಟ್ಟೆಯ ಹಾಗೆ ಹೆಪ್ಪುಗಟ್ಟಿತ್ತು. ಪೇಂಟ್ ಬ್ರಷ್ಷಿನಲ್ಲಿ ಒರೆಸಿದೆ. ಕಾರ್ಡ್ ಸ್ಲಾಟಿನ ಮುಂದೆ ಹಿಡಿದೆ. ಆಗ ಕಾರ್ಡಿನ ತಲೆಯ ಮೇಲಿದ್ದ ಆರು ಪಿನ್ನಿನ ಸಾಕೆಟ್ ಕಣ್ಣಿಗೆ ಬಿತ್ತು. ಅದಕ್ಕೆ ಹೋಗಬೇಕಾದ ತಂತಿ ಎಲ್ಲಿ? ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈಯಿಂದ ಹೊರಟಿದ್ದೇ ಎರಡು ಗೊಂಚಲು. ಎರಡೂ ಮದರ್‌ಬೋರ್ಡಿಗೇ ಹೋಗಿದ್ದವು.

ಲೆಕ್ಕ ಹೀಗೆ. ಕಾರ್ಡ್ ಕೂರುವ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಹೆಚ್ಚೆಂದರೆ 75 ವಾಟ್ ಕೊಡುತ್ತದೆ. 1060ಕ್ಕೆ ಬೇಕಾದ್ದು 120 ವಾಟ್. ಉಳಿದದ್ದು ಆ ಆರು ಪಿನ್ನಿನಿಂದ ಬರಬೇಕು. ಪವರ್ ಸಪ್ಲೈ ಮೇಲಿನ ಸ್ಟಿಕ್ಕರ್ ಓದಿದೆ: ಒಟ್ಟು 260 ವಾಟ್. ಆಫೀಸಿನಲ್ಲಿ ಎಕ್ಸೆಲ್ ತೆರೆಯುವವರಿಗೆ ಅದು ಧಾರಾಳ. ಕಂಪನಿಯವರು ಅಷ್ಟಕ್ಕೇ ಕಟ್ಟಿದ್ದರು, ಒಂದು ತಂತಿಯೂ ಜಾಸ್ತಿ ಬಿಟ್ಟಿರಲಿಲ್ಲ.

ಸಪ್ಲೈಯನ್ನೇ ಬದಲಾಯಿಸಿದರಾಯಿತು ಎಂದುಕೊಂಡು ಕಾರ್ಡನ್ನು ಬ್ಯಾಗಿಗೆ ಹಾಕಿ ಬನಶಂಕರಿಯಲ್ಲಿ ಮೆಟ್ರೋ ಹತ್ತಿದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ, ಹಾಗೆ ಕರೆಯುವವರು ಕಡಿಮೆ. ಆ ರಸ್ತೆಯಲ್ಲಿ ನಡೆಯುವುದೇ ಒಂದು ಕಲೆ. ಒಂದು ಕಡೆ ಕೈಗಾಡಿ, ಇನ್ನೊಂದು ಕಡೆ ಮಾನಿಟರ್ ಹೊತ್ತ ಸ್ಕೂಟರ್, ನಡುವೆ "ಲ್ಯಾಪ್‌ಟಾಪ್ ಸರ್, ಸಿಸಿಟಿವಿ ಸರ್" ಎನ್ನುವ ಹುಡುಗರು.

ಮೊದಲನೇ ಅಂಗಡಿಯಲ್ಲಿ ಎರಡೇ ನಿಮಿಷ. ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪವರ್ ಕನೆಕ್ಟರನ್ನು ಆರು ಪಿನ್ನಿಗೆ ತಿರುಗಿಸುವ ಅಡಾಪ್ಟರ್ ತೆಗೆದು ಮುಂದಿಟ್ಟ. "150 ರೂಪಾಯಿ ಸರ್, ಕೆಲಸ ಆಗೋಯ್ತು." ಜೇಬಿಗೆ ಕೈ ಹಾಕಿದ್ದೆ. ಇಷ್ಟು ಸುಲಭವೇ ಅನ್ನಿಸಿ ಸುಮ್ಮನೆ ಪಕ್ಕದ ಅಂಗಡಿಯಲ್ಲೂ ವಿಚಾರಿಸಿದೆ.

ಅಲ್ಲಿ ಕೂತಿದ್ದವನು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಅಡಾಪ್ಟರ್ ಎಂದ ಕೂಡಲೇ ತಲೆ ಅಲ್ಲಾಡಿಸಿದ. "ಬೇಡ ಸರ್. ಒಳಗಿನ ಫೋಟೋ ಇದ್ಯಾ?" ತೋರಿಸಿದೆ. ಬೆರಳಲ್ಲಿ ಹಿಗ್ಗಿಸಿ ನೋಡಿದ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪ್. ಒಟ್ಟು 54 ವಾಟ್. ಆರು ಪಿನ್ ಎಳೆಯಬಹುದಾದದ್ದು 75. "ಪ್ಲಾಸ್ಟಿಕ್ ಕರಗುತ್ತೆ ಸರ್, ನಾನೇ ನೋಡಿದೀನಿ." ಅದೂ ಅಲ್ಲದೆ ನಮ್ಮ ಮಷೀನಿನಲ್ಲಿ ಹಾರ್ಡ್ ಡಿಸ್ಕಿನ ಕರೆಂಟ್ ಸಪ್ಲೈಯಿಂದ ನೇರ ಬರುವುದಿಲ್ಲ, ಮದರ್‌ಬೋರ್ಡಿನ ಒಂದು ಪುಟ್ಟ ಸಾಕೆಟ್ಟಿನಿಂದ ಬರುತ್ತದೆ. ಕರಗಿದರೆ ಕೇಬಲ್ ಮಾತ್ರ ಅಲ್ಲ, ಬೋರ್ಡೂ ಹೋಗುತ್ತಿತ್ತು.

"ಸರಿ, ದೊಡ್ಡ ಪವರ್ ಸಪ್ಲೈ ಕೊಡಿ" ಎಂದೆ. ಅದಕ್ಕೂ ತಲೆ ಅಲ್ಲಾಡಿಸಿದ. ಮಾರ್ಕೆಟ್ಟಿನಲ್ಲಿ ಸಿಗುವ ಸಪ್ಲೈಗೆ 24 ಪಿನ್ನಿನ ಪ್ಲಗ್ ಇರುತ್ತದೆ. ನಮ್ಮ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ, ಕಂಪನಿಯ ಸ್ವಂತ ಸೈಜಿನ ಪ್ಲಗ್. ಡಬ್ಬದ ಅಳತೆಯೂ ಬೇರೆ, ಸ್ಕ್ರೂ ತೂತುಗಳೂ ಕೂಡುವುದಿಲ್ಲ. ಮಾರುವವನೇ ಬೇಡ ಬೇಡ ಎನ್ನುತ್ತಿದ್ದದ್ದು ನನಗೆ ಹೊಸ ಅನುಭವ.

ಕೊನೆಗೆ ಅವನೇ ದಾರಿ ಹೇಳಿದ: ಪೆಟ್ಟಿಗೆಗೆ ತಕ್ಕ ಕಾರ್ಡ್ ಹುಡುಕಬೇಕು, ಕಾರ್ಡಿಗೆ ತಕ್ಕ ಹಾಗೆ ಪೆಟ್ಟಿಗೆ ಬಗ್ಗುವುದಿಲ್ಲ. ಅಂದರೆ 75 ವಾಟಿನೊಳಗೇ ಮುಗಿಯುವ ಕಾರ್ಡು. ಜಿಟಿಎಕ್ಸ್ 1650 ಇತ್ತು, 2019ರದ್ದು, 4 ಜಿಬಿ. ಅದರ ಮೇಲೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾಡೆಲ್, 2024ರಲ್ಲಿ ಬಂದದ್ದು, 70 ವಾಟ್, ಬೇರೆ ತಂತಿ ಬೇಡ. ಇದೇ ಹೆಸರಿನ 8 ಜಿಬಿ ಕಾರ್ಡ್ 130 ವಾಟ್ ತಿನ್ನುತ್ತದೆ, ಹೆಸರು ನೋಡಿ ಮೋಸ ಹೋಗಬೇಡಿ ಎಂದ. ಹಿಂದಿನ ಶೆಲ್ಫಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡುಗಳ ಸಾಲೇ ಇತ್ತು. 2022ರ ಸೆಪ್ಟೆಂಬರಿನಲ್ಲಿ ಕಾರ್ಡುಗಳನ್ನು ಓಡಿಸಿ ಎಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ಮೈನಿಂಗ್ ನಿಂತ ಮೇಲೆ ಇಂಥವು ರಾಶಿ ಬಂದವಂತೆ. ರಾತ್ರಿ ಹಗಲು ಕಾದ ಕಾರ್ಡು ನಮಗ್ಯಾಕೆ ಎಂದು ಆ ಕಡೆ ನೋಡಲಿಲ್ಲ.

"ಒಳಗೆ ಉದ್ದ ಎಷ್ಟು ಜಾಗ ಇದೆ ಸರ್?"

ಅಳೆದಿರಲಿಲ್ಲ. ಮಗಳಿಗೆ ಫೋನ್ ಹಚ್ಚಿದೆ. ಅವಳು ನಕ್ಷೆಗೆಂದು ಬೇರೆ ಬೇರೆ ಅನುಪಾತದ ಗುರುತಿರುವ ತನ್ನ ತ್ರಿಕೋನದ ಸ್ಕೇಲ್ ಒಳಗಿಟ್ಟು ಫೋಟೋ ಕಳಿಸಿದಳು. ಹಿಂದಿನ ತಗಡಿನಿಂದ ಹಾರ್ಡ್ ಡಿಸ್ಕಿನ ಗೂಡಿನವರೆಗೆ 23 ಸೆಂಟಿಮೀಟರ್. "1:50ರ ಕಡೆಯಿಂದ ಅಳೆದಿಲ್ಲ ತಾನೆ?" ಎಂದು ಕೇಳಿದ್ದಕ್ಕೆ ಫೋನ್ ಇಟ್ಟುಬಿಟ್ಟಳು. ಆ 6 ಜಿಬಿಯ 3050 ಕಾರ್ಡ್ 20 ಸೆಂಟಿಮೀಟರ್, ಅದನ್ನೇ ತಗೊಂಡೆ. ಬಿಲ್ ಸಮೇತ 18,000ದ ಆಸುಪಾಸು. ಬಿಲ್ ಇಲ್ಲದೆ ಕಡಿಮೆಗೆ ಎಲ್ಲಾದರೂ ಸಿಗುತ್ತಿತ್ತೇನೋ, ಆದರೆ ವಾರಂಟಿಗೆ ಯಾರ ಹತ್ತಿರ ಹೋಗಲಿ? ಬಿಟ್ಟಿ ಕಾರ್ಡು ಹೀಗೆ ದುಬಾರಿಯಾಯಿತು.

ಮನೆಗೆ ಬಂದಾಗ ಐದೂವರೆ. ಪ್ಲಗ್ ಕಿತ್ತು, ಪೆಟ್ಟಿಗೆಯ ತಗಡನ್ನು ಒಮ್ಮೆ ಮುಟ್ಟಿ ಕೈಯಲ್ಲಿನ ಸ್ಟ್ಯಾಟಿಕ್ ಇಳಿಸಿಕೊಂಡೆ. ಹಿಂದಿನ ಎರಡು ತಗಡಿನ ಪಟ್ಟಿ ತೆಗೆದು ಕಾರ್ಡ್ ಒತ್ತಿದರೆ ಮುಕ್ಕಾಲು ಭಾಗ ಹೋಗಿ ನಿಂತಿತು. ಟಾರ್ಚ್ ಹಿಡಿದು ನೋಡಿದೆ. ಹಾರ್ಡ್ ಡಿಸ್ಕಿನ ನೀಲಿ ಕೇಬಲ್ ಸ್ಲಾಟಿನ ಪಕ್ಕದಲ್ಲೇ ಬೋರ್ಡಿನಿಂದ ನೆಟ್ಟಗೆ ಮೇಲೆದ್ದು ನಿಂತಿತ್ತು, ಕಾರ್ಡಿನ ಹೊಟ್ಟೆ ಅದರ ತಲೆಯ ಮೇಲೆ ಕೂತಿತ್ತು. ಇನ್ನೊಂದಿಷ್ಟು ಒತ್ತಿದ್ದರೆ ಸಾಕೆಟ್ ಮುರಿಯುತ್ತಿತ್ತು. ಡಿವಿಡಿ ಡ್ರೈವಿನ ಕೇಬಲ್ಲಿಗೆ ಎಲ್ ಆಕಾರದ ತಲೆ ಇತ್ತು. ಅದನ್ನು ಕಿತ್ತು ಹಾರ್ಡ್ ಡಿಸ್ಕಿಗೆ ಕೊಟ್ಟೆ. ಡಿವಿಡಿ ಅನಾಥವಾಯಿತು, ಅದನ್ನು ತೆರೆದು ಎಷ್ಟು ಕಾಲವಾಗಿತ್ತೋ. ಈ ಸಲ ಕಾರ್ಡ್ ಸಲೀಸಾಗಿ ಇಳಿಯಿತು. ತುದಿಯ ಪ್ಲಾಸ್ಟಿಕ್ ಕೊಂಡಿ 'ಟಕ್' ಎಂದಿತು.

ಆನ್ ಮಾಡಿದೆ. ಫ್ಯಾನ್ ತಿರುಗಿತು. ಸ್ಕ್ರೀನ್ ಮಾತ್ರ ಕಪ್ಪು.

ಆಫ್ ಮಾಡಿದೆ, ಕಾರ್ಡ್ ತೆಗೆದು ಮತ್ತೆ ಹಾಕಿದೆ, ರ‍್ಯಾಮ್ ಒತ್ತಿದೆ. ಇಪ್ಪತ್ತು ನಿಮಿಷ ಬೆವರಿದೆ. ಮಗಳು ಕಾಫಿ ಲೋಟ ಹಿಡಿದು ಬಂದವಳು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿ, "ಅಪ್ಪ, ಮಾನಿಟರ್ ಇನ್ನೂ ಹಳೇ ಸಾಕೆಟ್ಟಲ್ಲೇ ಇದೆ" ಎಂದಳು. ಇಪ್ಪತ್ತೈದು ವರ್ಷದ ಅನುಭವ! ಮಾನಿಟರಿನ ನೀಲಿ ವಿಜಿಎ ಕೇಬಲ್ ಮದರ್‌ಬೋರ್ಡಿನಲ್ಲೇ ಇತ್ತು. ಹೊಸ ಕಾರ್ಡ್ ಕೂತ ಮೇಲೆ ನಮ್ಮ ಬೋರ್ಡು ತನ್ನ ಗ್ರಾಫಿಕ್ಸನ್ನು ತಾನೇ ಆಫ್ ಮಾಡಿಕೊಂಡಿತ್ತು. ಕಾರ್ಡಿನಲ್ಲೋ ವಿಜಿಎ ಇಲ್ಲವೇ ಇಲ್ಲ, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್ ಮಾತ್ರ. ಮಾನಿಟರಿನ ಬೆನ್ನಿಗೆ ಎಚ್‌ಡಿಎಂಐ ಇತ್ತು. ಮನೆಯಲ್ಲಿ ಇದ್ದ ಒಂದೇ ಎಚ್‌ಡಿಎಂಐ ಕೇಬಲ್ ಟಿವಿಯ ಸೆಟ್‌ಟಾಪ್ ಬಾಕ್ಸಿಗಿತ್ತು.

ಟೈಮ್ ಏಳು. ಅಮ್ಮನ ಧಾರಾವಾಹಿ ಏಳೂವರೆಗೆ. "ಅರ್ಧ ಗಂಟೆ ಅಮ್ಮ, ಅಷ್ಟರಲ್ಲಿ ವಾಪಸ್" ಎಂದು ಕಿತ್ತು ತಂದೆ.

ಚಿತ್ರ ಬಂತು. ಡ್ರೈವರ್ ಡೌನ್‌ಲೋಡ್ ಆಗಿ ಕೂರುವಷ್ಟರಲ್ಲಿ ಏಳೂ ನಲವತ್ತು. ಮಗಳು ಎನ್‌ಸ್ಕೇಪ್ ತೆರೆದಳು. ಅವಳ ಎರಡಂತಸ್ತಿನ ಮನೆ ಬಿಸಿಲು ನೆರಳಿನ ಸಮೇತ ಎದ್ದು ನಿಂತಿತು. ನಾನು ಇನ್ನೊಂದು ವಿಂಡೋದಲ್ಲಿ ಕಾರ್ಡ್ ಎಷ್ಟು ವಾಟ್ ಎಳೆಯುತ್ತಿದೆ ಎಂದು ನೋಡುತ್ತಿದ್ದೆ. 66, 69, 68. 70 ದಾಟಲಿಲ್ಲ.

ಬಾಗಿಲಲ್ಲಿ ಅಮ್ಮ ನಿಂತಿದ್ದರು. "ನನ್ನ ತಂತಿ ಎಲ್ಲೋ?" ಎಂದವರು ಸ್ಕ್ರೀನ್ ನೋಡಿ ಸುಮ್ಮನಾದರು. ಮಗಳು ಮೌಸ್ ತಿರುಗಿಸಿ ಅಜ್ಜಿಯನ್ನು ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದಳು. ಹಾಲ್, ಮೆಟ್ಟಿಲು, ಅಡುಗೆಮನೆ. "ಮೆಲ್ಲಗೆ ಹೋಗೆ, ತಲೆ ತಿರುಗುತ್ತೆ" ಎಂದರು ಅಮ್ಮ, ಕುರ್ಚಿ ಎಳೆದುಕೊಂಡು. ಅಡುಗೆಮನೆಯಲ್ಲಿ ಎರಡು ಸುತ್ತು ಹೊಡೆದ ಮೇಲೆ ಕೇಳಿದರು: "ದೇವರ ಮನೆ ಎಲ್ಲಿಟ್ಟಿದ್ದೀಯಾ?"

ಮಗಳು ನನ್ನ ಮುಖ ನೋಡಿದಳು. ನಾನು ಎಚ್‌ಡಿಎಂಐ ಕೇಬಲ್ ತರಲು ಚಪ್ಪಲಿ ಮೆಟ್ಟಿದೆ.