ಎಟಿಎಂ ಗುಹೆಗೆ ಹೋಗುವವರು ಕಾಲುಚೀಲ ಮರೆಯಬೇಡಿ

ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಯೋ ಜಿಲ್ಲೆಯಲ್ಲಿ, ಟೇಪಿರ್ ಮೌಂಟನ್ ರಕ್ಷಿತಾರಣ್ಯದೊಳಗೆ ಆಕ್ತುನ್ ತುನಿಚಿಲ್ ಮುಕ್ನಾಲ್ ಎಂಬ ಸುಣ್ಣಕಲ್ಲಿನ ಗುಹೆ ಇದೆ. ಅಷ್ಟುದ್ದದ ಹೆಸರು ಯಾರೂ ಹೇಳುವುದಿಲ್ಲ, ಎಟಿಎಂ ಎಂದರೆ ಸಾಕು. ಗುಹೆಯ ಉದ್ದ ಸುಮಾರು ಐದು ಕಿಲೋಮೀಟರ್, ಒಳಗೆ ತೊರೆ ಹರಿಯುತ್ತದೆ. 1986ರಲ್ಲಿ ಭೂವಿಜ್ಞಾನಿ ಥಾಮಸ್ ಮಿಲ್ಲರ್ ಇದನ್ನು ಹೊರಜಗತ್ತಿಗೆ ತಿಳಿಸಿದರು. 1990ರ ದಶಕದಲ್ಲಿ ಹೈಮೆ ಆವೆ ನೇತೃತ್ವದ ಪುರಾತತ್ವ ತಂಡ ಅಧ್ಯಯನಕ್ಕೆ ಇಳಿಯಿತು. ಮುಖ್ಯ ಕೋಣೆಯಲ್ಲಿ 14 ಜನರ ಅಸ್ಥಿಗಳು ಸಿಕ್ಕವು, ಅವುಗಳಲ್ಲಿ ಮಕ್ಕಳವೂ ಇವೆ. ಆ ಭಾಗದ ಪ್ರಾಚೀನ ಮಾಯಾ ಜನಾಂಗ ಇಲ್ಲಿ ಬಲಿ ಕೊಟ್ಟವರು ಇವರು ಎಂದು ನಂಬಲಾಗಿದೆ. ಮಡಕೆಗಳು, ಮಡಕೆ ಚೂರುಗಳು ನೆಲದ ತುಂಬ ಹರಡಿವೆ. ಹೆಚ್ಚಿನದನ್ನು ಇಟ್ಟವರು ಇಟ್ಟ ಜಾಗದಲ್ಲೇ ಬಿಡಲಾಗಿದೆ. ನಿಮ್ಮ ಹೆಜ್ಜೆಗೂ ಸಾವಿರ ವರ್ಷ ಹಳೆಯ ಮಡಕೆಗೂ ನಡುವೆ ನೆಲದ ಮೇಲೆ ಎಳೆದ ಬಣ್ಣದ ಪಟ್ಟಿ ಬಿಟ್ಟರೆ ಬೇರೆ ತಡೆ ಇಲ್ಲ. ಅಲ್ಲಿನ ಪ್ರತಿಯೊಂದು ನಿಯಮವೂ ಹುಟ್ಟಿದ್ದು ಇದರಿಂದಲೇ. ಈ ಮಾತು ತಲೆಯಲ್ಲಿದ್ದರೆ ಯಾವ ನಿಯಮವೂ ಕಿರಿಕಿರಿ ಅನ್ನಿಸುವುದಿಲ್ಲ.

ಮಾಯಾ ಜನರಿಗೆ ಗುಹೆ ಎಂದರೆ ಭೂಮಿಯೊಳಗಿನ ದಾರಿ, ಪೂರ್ವಜರು ಮತ್ತು ದೇವತೆಗಳ ನೆಲೆ. ಮಳೆದೇವ ಚಾಕ್ ವಾಸಿಸುವುದೂ ಅಲ್ಲೇ. ಗುಹೆಯ ಮೇಲ್ಛಾವಣಿಯಿಂದ ತೊಟ್ಟಿಕ್ಕುವ, ಮನುಷ್ಯರು ಇನ್ನೂ ಮುಟ್ಟದ ನೀರು ಅವರಿಗೆ ಮಡಿನೀರು. ಎಟಿಎಂನಲ್ಲಿ ಪೂಜೆ ಹೆಚ್ಚು ಜೋರಾಗಿ ನಡೆದದ್ದು ಕ್ರಿ.ಶ. 700ರಿಂದ 900ರ ಸುಮಾರಿಗೆ. ಆ ಭಾಗದಲ್ಲಿ ಬರ ಕಾಡಿದ, ಊರುಗಳು ಒಂದೊಂದಾಗಿ ಬರಿದಾದ ಕಾಲ ಅದು. ಇಲ್ಲಿನ ಒಂದೊಂದು ವಸ್ತುವಿನ ಜಾಗವನ್ನೂ ನಕ್ಷೆಗೆ ಇಳಿಸಿದ ಪುರಾತತ್ವಜ್ಞೆ ಹಾಲಿ ಮೋಯ್ಸ್, ಈ ಹೆಚ್ಚಳವನ್ನು ಮಳೆಗಾಗಿ ನಡೆದ ಮೊರೆಯೊಂದಿಗೆ ಜೋಡಿಸುತ್ತಾರೆ. ಆ ವಾದ ಒಪ್ಪುವಂಥದ್ದು ಎಂದು ನನ್ನ ಅಭಿಪ್ರಾಯ. ಪೈನ್ ಮರದ ಪಂಜು ಹಿಡಿದು, ಎದೆಮಟ್ಟದ ನೀರಲ್ಲಿ, ಅಷ್ಟು ದೊಡ್ಡ ಮಡಕೆಗಳನ್ನು ಹೊತ್ತು ಒಳಗೆ ಹೋಗಬೇಕಾದರೆ ಹೊರಗಿನ ಕಷ್ಟ ಸಣ್ಣದಿದ್ದಿರಲಾರದು.

ಈಗ ಹೊರಡುವ ವಿಷಯ. ಬೆಲೀಜ್‌ನಲ್ಲಿ ಒಣಹವೆಯ ಕಾಲ ಫೆಬ್ರವರಿಯಿಂದ ಮೇವರೆಗೆ, ಮಳೆಗಾಲ ಜೂನ್‌ನಿಂದ ನವೆಂಬರ್‌ವರೆಗೆ. ಅಮೆರಿಕದಲ್ಲಿರುವ ನಮ್ಮವರು ಸಾಮಾನ್ಯವಾಗಿ ಡಿಸೆಂಬರ್ ರಜೆಯಲ್ಲಿ ಬರುತ್ತಾರೆ, ಆಗಲೂ ಮಳೆ ಪೂರ್ತಿ ನಿಂತಿರುವುದಿಲ್ಲ. ನೀವು ನಿಂತ ಜಾಗದಲ್ಲಿ ಬಿಸಿಲಿರಬಹುದು. ಮೇಲಿನ ಗುಡ್ಡದಲ್ಲಿ ಸುರಿದ ಮಳೆ ತೊರೆಗೆ ಇಳಿದರೆ ಗುಹೆಯೊಳಗೆ ನೀರು ಬೇಗ ಏರುತ್ತದೆ, ಆಗ ಪ್ರವೇಶ ಮುಚ್ಚುತ್ತಾರೆ. ಆದ್ದರಿಂದ ಪ್ರವಾಸದ ಕೊನೆಯ ದಿನಕ್ಕೆ ಈ ಗುಹೆಯನ್ನು ಇಟ್ಟುಕೊಳ್ಳಬೇಡಿ. ಮೊದಲ ದಿನಗಳಲ್ಲೇ ಬುಕ್ ಮಾಡಿ, ಒಂದು ದಿನ ಖಾಲಿ ಬಿಡಿ. ಮುಚ್ಚಿದ ದಿನ ಗೈಡ್ ಜೊತೆ ವಾದಿಸಿ ಪ್ರಯೋಜನವಿಲ್ಲ, ಅವರು ನಿಮ್ಮ ಜೀವ ನೋಡುತ್ತಿದ್ದಾರೆ. ಪರವಾನಗಿ ಇರುವ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಒಬ್ಬ ಗೈಡ್ ಜೊತೆ ಹೋಗುವವರ ಸಂಖ್ಯೆಗೂ ಮಿತಿ ಇದೆ, ರಜೆಯ ವಾರಗಳಲ್ಲಿ ಜಾಗ ಬೇಗ ಮುಗಿಯುತ್ತದೆ.

ಉಳಿದುಕೊಳ್ಳಲು ಸಾನ್ ಇಗ್ನಾಸಿಯೊ ಪಟ್ಟಣ ಅನುಕೂಲ. ಟೀಕೆಟಲ್ ಹಳ್ಳಿಯ ಬಳಿ ಹೆದ್ದಾರಿ ಬಿಟ್ಟು ಮಣ್ಣುರಸ್ತೆಗೆ ತಿರುಗಬೇಕು. ವಾಹನ ನಿಲ್ಲಿಸಿದ ಮೇಲೆ ಕಾಡಿನಲ್ಲಿ ಮುಕ್ಕಾಲು ಗಂಟೆಯ ನಡಿಗೆ, ದಾರಿಯಲ್ಲಿ ಮೂರು ಸಲ ರೋರಿಂಗ್ ಕ್ರೀಕ್ ದಾಟಬೇಕು. ಅಂದರೆ ಗುಹೆ ತಲುಪುವ ಮೊದಲೇ ಶೂ ಒದ್ದೆ. ಬೆರಳು ಮುಚ್ಚುವ, ಅಡಿಯಲ್ಲಿ ಹಿಡಿತವಿರುವ ಶೂ ಬೇಕು. ಚಪ್ಪಲಿ, ಸ್ಯಾಂಡಲ್ ಬೇಡ. ನೀರಿನಡಿಯ ಕಲ್ಲಿಗೆ ಬೆರಳು ತಾಗುತ್ತದೆ, ಸಣ್ಣ ಹರಳು ಒಳಗೆ ಸೇರಿಕೊಂಡರೆ ಪ್ರತಿ ಹೆಜ್ಜೆಗೂ ಚುಚ್ಚುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ, ನೀರು ಕುಡಿದು ಭಾರವಾಗಿ ಬಂಡೆ ಹತ್ತುವಾಗ ಮೊಣಕಾಲು ಮಡಚಲು ಬಿಡುವುದಿಲ್ಲ. ಬೇಗ ಒಣಗುವ ಪಾಲಿಯೆಸ್ಟರ್ ಬಟ್ಟೆ ಹಾಕಿ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿ. ಉಂಗುರ, ಬಳೆ ತೆಗೆದಿಡಿ. ಸೊಳ್ಳೆ ಮುಲಾಮು, ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗೆ ಇಳಿಯಬೇಡಿ, ಅದು ತೊಳೆದು ತೊರೆಗೇ ಸೇರುತ್ತದೆ. ಇನ್ನೊಂದು ಜೊತೆ ಬಟ್ಟೆ, ಟವೆಲ್ ವಾಹನದಲ್ಲಿ ಬಿಟ್ಟಿರಿ. ಹೆಲ್ಮೆಟ್, ತಲೆದೀಪ ಗೈಡ್‌ಗಳೇ ಕೊಡುತ್ತಾರೆ. ದೀಪ ಹೊರಗೇ ಹಚ್ಚಿ ನೋಡಿ, ಮಂಕಾಗಿದ್ದರೆ ಅಲ್ಲೇ ಬದಲಿಸಿಕೊಳ್ಳಿ.

ಗುಹೆಯ ಬಾಯಿಯಲ್ಲಿ ಆಳದ ಮಡು ಇದೆ, ಕಾಲು ನೆಲಕ್ಕೆ ತಾಗುವುದಿಲ್ಲ. ಕೆಲವು ಮಾರು ಈಜಿಯೇ ಒಳಗೆ ಹೋಗಬೇಕು. ಈಜು ಬಾರದವರು ಬುಕ್ ಮಾಡುವಾಗಲೇ ಹೇಳಿ ಲೈಫ್ ಜಾಕೆಟ್ ಕೇಳಿ. ತಣ್ಣೀರಿಗೆ ಇಳಿದ ಕೂಡಲೇ ಉಸಿರು ಕಟ್ಟಿದಂತಾಗುತ್ತದೆ. ಗಾಬರಿ ಬೇಡ, ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಮುಂದೆ ನೀರು ಒಮ್ಮೆ ಮೊಣಕಾಲಿಗೆ, ಒಮ್ಮೆ ಎದೆಗೆ. ಒಂದು ಕಡೆ ಬಂಡೆಯ ಅಂಚು ಕತ್ತಿನ ಮಟ್ಟಕ್ಕೆ ಚಾಚಿಕೊಂಡಿದೆ, ತಲೆ ಓರೆ ಮಾಡಿ ಸಂದಿನಲ್ಲಿ ತೂರಬೇಕು. ಇಕ್ಕಟ್ಟಿನ ಜಾಗಕ್ಕೆ ಹೆದರುವವರು ಇದನ್ನು ಮೊದಲೇ ತಿಳಿದಿರಲಿ. ಕತ್ತಲಲ್ಲಿ ಗೈಡ್ ಹೇಳುವ ಮಾತು, ಎಡಗಡೆ ಆಳ, ಬಲಗಾಲು ಮೊದಲು, ತಲೆ ಜೋಕೆ, ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಬೇಕು. ಅರ್ಧದಲ್ಲಿ ಯಾರೋ ಸುಮ್ಮನಾದರೆ ಹಿಂದಿನವರ ಮಂಡಿ ಒಡೆಯುತ್ತದೆ. ಮಾತಾಡಿಸಲು ಹಿಂದಕ್ಕೆ ತಿರುಗುವಾಗ ದೀಪ ತಗ್ಗಿಸಿ, ಎದುರಿನವರ ಕಣ್ಣು ಕೋರೈಸಿದರೆ ಅವರು ಮುಂದಿನ ಕಲ್ಲು ಕಾಣದೆ ಜಾರುತ್ತಾರೆ.

ನೀರಿನಿಂದ ಬಂಡೆ ಹತ್ತಿ ಒಣಕೋಣೆಗೆ ಬಂದಾಗ ಶೂ ಬಿಚ್ಚಿ ಕಾಲುಚೀಲದಲ್ಲಿ ನಡೆಯಬೇಕು. ಬರಿಗಾಲು ನಮಗೆ ರೂಢಿ, ದೇವಸ್ಥಾನಕ್ಕೆ ಹೋದಂತೆ ಹೋಗೋಣ ಅನ್ನಿಸುತ್ತದೆ. ಇಲ್ಲಿ ಬರಿಗಾಲಿಗೂ ಅವಕಾಶವಿಲ್ಲ. ಶೂಗೆ ಅಂಟಿದ ಮರಳು ನೆಲವನ್ನು ಉಜ್ಜಿ ಗೀರುತ್ತದೆ, ಚರ್ಮದ ಎಣ್ಣೆ ಸುಣ್ಣದ ಪದರದ ಮೇಲೆ ಕಲೆಯಾಗಿ ನಿಲ್ಲುತ್ತದೆ. ಶೂ ಇಲ್ಲದ ಪಾದ ತಾನಾಗಿಯೇ ನಿಧಾನವಾಗಿ, ನೋಡಿ ಊರುತ್ತದೆ ಎಂಬುದೂ ಒಂದು ಲಾಭ. ಚೀಲ ದಪ್ಪಗಿರಲಿ, ಪಾದಕ್ಕೆ ಬಿಗಿಯಾಗಿರಲಿ. ಬೆರಳ ತುದಿಯಲ್ಲಿ ಜೋತಾಡುವ ಚೀಲ ಕಾಲಿಗೇ ಸಿಕ್ಕಿ ಎಡವಿಸುತ್ತದೆ. ಎಡವಿದಾಗ ಕೈ ಎಲ್ಲಿಗೆ ಹೋಗುತ್ತದೆ ಎನ್ನುವುದೇ ಭಯ.

ಕ್ಯಾಮೆರಾ, ಮೊಬೈಲ್, ಹೆಲ್ಮೆಟ್‌ಗೆ ಸಿಕ್ಕಿಸುವ ಕ್ಯಾಮೆರಾ, ಯಾವುದೂ ಇಲ್ಲ. 2012ರಲ್ಲಿ ಪ್ರವಾಸಿಯೊಬ್ಬರ ಕೈಯಿಂದ ಕ್ಯಾಮೆರಾ ಜಾರಿ ತಲೆಬುರುಡೆಯೊಂದರ ಮೇಲೆ ಬಿತ್ತು, ಬುರುಡೆ ಒಡೆಯಿತು. ಆಮೇಲೆ ನಿಷೇಧ ಬಂತು. ಈ ನಿಷೇಧ ನೂರಕ್ಕೆ ನೂರು ಸರಿ. ಮತ್ತೆ ಜೋಡಿಸಲಾಗದ ವಸ್ತುವಿನ ಎದುರು ಫೋಟೊ ಬಹಳ ಸಣ್ಣ ಆಸೆ.

ಇನ್ನು ಏನು ನೋಡಬೇಕು? ಮಡಕೆಗಳಲ್ಲಿ ಬೇಕೆಂದೇ ಕೊರೆದ ತೂತು ಹುಡುಕಿ. ಪೂಜೆ ಮುಗಿದ ಮೇಲೆ ಮಡಕೆಯೊಳಗಿನ ಚೈತನ್ಯವನ್ನು ಬಿಡುಗಡೆ ಮಾಡಲು ಹಾಗೆ ಮಾಡುತ್ತಿದ್ದರು ಎಂದು ವಿವರಿಸುತ್ತಾರೆ. ಒಂದು ಮಡಕೆಯ ಮೇಲೆ ಕೋತಿಯ ಪುಟ್ಟ ಆಕೃತಿ ಇದೆ, ಗೈಡ್ ದೀಪ ಹಾಯಿಸದಿದ್ದರೆ ಕಾಣುವುದೇ ಇಲ್ಲ. ಮಡಕೆಗಳು ನೆಲಕ್ಕೆ ಬೆಸೆದುಕೊಂಡಿರುವುದನ್ನು ಗಮನಿಸಿ. ಸುಣ್ಣಕಲ್ಲು ಕರಗಿದ ನೀರು ಗುಹೆಯ ಗಾಳಿಗೆ ಬಂದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಕ್ಯಾಲ್ಸೈಟ್ ಎಂಬ ಸುಣ್ಣದ ಹರಳಿನ ಪದರ ಕೂರಿಸುತ್ತದೆ. ಏಣಿ ಹತ್ತಿ ಹೋಗುವ ಮೇಲಿನ ಕೋಣೆಯಲ್ಲಿ ಮಲಗಿರುವ ಅಸ್ಥಿಪಂಜರ ಮಿನುಗುವುದೂ ಇದೇ ಪದರದಿಂದ. 'ಸ್ಫಟಿಕ ಕನ್ಯೆ' ಎಂದೇ ಅದು ಪ್ರಸಿದ್ಧ, ಆದರೆ ಅದು ಹದಿಹರೆಯದ ಹುಡುಗನದು ಎಂಬುದು ಈಗಿನ ವಿದ್ವಾಂಸರ ಒಲವು. ಹುಡುಗನೋ ಹುಡುಗಿಯೋ, ಬಲಿಯಾದ ಎಳೆಯ ಜೀವ ಎಂಬುದನ್ನು ನೆನಪಿಟ್ಟು ಅಲ್ಲಿ ದನಿ ತಗ್ಗಿಸಿ.

ಈಜು, ಹತ್ತುವುದು ಆಗದವರಿಗೆ ಅದೇ ಜಿಲ್ಲೆಯ ಬಾರ್ಟನ್ ಕ್ರೀಕ್ ಗುಹೆ ಇದೆ. ದೋಣಿಯಲ್ಲಿ ಕೂತು ದೊಡ್ಡ ದೀಪ ಹಾಯಿಸುತ್ತಾ ಹೋಗಬಹುದು. ಮೆಕ್ಸಿಕೋದ ಚಿಚೆನ್ ಇಟ್ಸಾ ಪಕ್ಕದ ಬಲಂಕಾಂಚೆ ಇನ್ನೊಂದು ಬಗೆ, ನೀರಿನ ಬದಲು ಸೆಕೆ. ಆಸ್ತಮಾ, ಹೃದಯದ ತೊಂದರೆ ಇರುವವರಿಗೆ ಒಳ್ಳೆಯದಲ್ಲ. ಹೊರಡುವ ಮೊದಲು ತೆರೆದಿದೆಯೇ ಎಂದು ವಿಚಾರಿಸಿ. ಅಲ್ಲಿ 1959ರಲ್ಲಿ ಮುಚ್ಚಿದ್ದ ಕೋಣೆ ತೆರೆದಾಗ ಪಕ್ಕದ ಹಳ್ಳಿಯ ಮಾಯಾ ಪೂಜಾರಿ ಬಂದು ಗುಹೆಯ ಒಡೆಯರಾದ ದೈವಗಳ ಕ್ಷಮೆ ಕೋರಿ ದೀರ್ಘ ಪೂಜೆ ನಡೆಸಿದರು. ಈ ನಂಬಿಕೆ ಬರೀ ಹಳೆಯದಲ್ಲ. ಗ್ವಾಟೆಮಾಲಾದ ಕೆಕ್ಚಿ ಮಾಯಾ ಜನ ಇಂದಿಗೂ ಬಿತ್ತನೆಗೆ ಮುಂಚೆ ಗುಹೆಗೆ ಹೋಗಿ ಬೆಟ್ಟದ ದೈವ ತ್ಸುಲ್ತಕಾನ ಅಪ್ಪಣೆ ಕೇಳುತ್ತಾರೆ. ಅಲ್ಲಿನ ಕಂದೇಲಾರಿಯಾ ಗುಹೆಗಳಿಗೆ ಹೋದಾಗ ಹೊಸ ಮೇಣದಬತ್ತಿ, ಕೋಪಾಲ್ ಧೂಪದ ಬೂದಿ ಕಂಡರೆ ಮುಟ್ಟಬೇಡಿ, ದಾಟಬೇಡಿ. ಪೂಜೆ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಹೊರಗೆ ಕಾಯಿರಿ, ಒಳಗೆ ಹೋಗುವುದನ್ನು ಗೈಡ್ ಅಲ್ಲ, ಪೂಜೆ ಮಾಡುತ್ತಿರುವವರು ಒಪ್ಪಬೇಕು.