ಕೋಟೆಗೂ ಸೂರು ಬೇಕಾದ ಕಾಲ

ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ್ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ್ದು ಅಂದಕ್ಕಾಗಿ ಅಲ್ಲ. ಶತ್ರು ಯಾವ ದಿಕ್ಕಿನಿಂದ ಗೋಡೆಯ ಬುಡಕ್ಕೆ ಬಂದರೂ ಎರಡು ಬದಿಗಳಿಂದ ಗುಂಡು ಹಾರಿಸಬಹುದೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಶತ್ರು ನೆಲದ ಮೇಲೆ ನಡೆದೇ ಬರುತ್ತಾನೆ ಎಂಬ ಆ ನಂಬಿಕೆ, ಇಂದಿನ ಸೇನಾನೆಲೆಗಳ ಬೇಲಿ, ಕಾವಲುಗೋಪುರ, ತಪಾಸಣಾ ದ್ವಾರಗಳಲ್ಲೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್‌ಗಳು ಎರಡು ಬಾಂಬುಗಳನ್ನು ಬೀಳಿಸಿದಾಗ ಒಂದು ಕಟ್ಟಡದ ಚಾವಣಿಗೆ ಹಾನಿಯಾಗಿ, ಇಬ್ಬರು ಸಿಬ್ಬಂದಿಗೆ ಸಣ್ಣ ಗಾಯಗಳಾದವು. ಹಾನಿ ಅಲ್ಪವಾದ್ದರಿಂದ ಆ ಸುದ್ದಿ ಬೇಗ ಹಳತಾಯಿತು. ಆದರೆ 2025ರ ಜೂನ್ 1ರಂದು ಉಕ್ರೇನ್ ನಡೆಸಿದ ದಾಳಿಯನ್ನು ಯಾವ ಸೇನೆಯೂ ಹಾಗೆ ಮರೆಯುವಂತಿಲ್ಲ. ಲಾರಿಗಳ ಮೇಲಿದ್ದ ಮರದ ಕೋಣೆಗಳ ಚಾವಣಿಯೊಳಗೆ ಅಡಗಿಸಿಟ್ಟ 117 ಸಣ್ಣ ಡ್ರೋನ್‌ಗಳು ರಷ್ಯಾದ ವಾಯುನೆಲೆಗಳ ಸಮೀಪದಿಂದಲೇ ಮೇಲೆದ್ದವು. ಅವುಗಳಲ್ಲಿ ಸೈಬೀರಿಯಾದ ಬೆಲಾಯಾ ನೆಲೆ ಉಕ್ರೇನ್ ಗಡಿಯಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ದೂರದಲ್ಲಿದೆ. 41 ವಿಮಾನಗಳಿಗೆ ಪೆಟ್ಟು ಬಿದ್ದಿದೆ ಎಂಬುದು ಉಕ್ರೇನಿನ ಹೇಳಿಕೆ; ಅಮೆರಿಕದ ಅಧಿಕಾರಿಗಳ ಅಂದಾಜು ಅದರ ಅರ್ಧದಷ್ಟು. ಅರ್ಧವೇ ಆದರೂ, ಈಗ ಯಾವ ಕಾರ್ಖಾನೆಯೂ ತಯಾರಿಸದ ಟಿಯು-95ರಂಥ ಬಾಂಬರ್‌ಗಳು ಬಯಲಲ್ಲಿ ನಿಂತಲ್ಲೇ ಸುಟ್ಟುಹೋದವು. (ಅದಕ್ಕೂ ಮೊದಲೇ ರಷ್ಯನ್ನರು ವಿಮಾನಗಳ ರೆಕ್ಕೆಗಳ ಮೇಲೆ ಹಳೆಯ ಟೈರುಗಳನ್ನು ಹೇರಿಟ್ಟಿದ್ದುದು ಉಪಗ್ರಹ ಚಿತ್ರಗಳಲ್ಲಿ ಕಂಡಿತ್ತು, ಕಾಂಕ್ರೀಟ್ ಸೂರು ಕಟ್ಟುವ ಬದಲು ಹುಡುಕಿಕೊಂಡ ಉಪಾಯ ಅದು.)

ಡ್ರೋನ್‌ಗಳನ್ನು ಎದುರಿಸುವವರನ್ನು ಸೋಲಿಸುವುದು ಖರ್ಚಿನ ಲೆಕ್ಕ. ಇರಾನಿನ ಶಾಹೆದ್ ಡ್ರೋನಿಗೆ ಸುಮಾರು 20ರಿಂದ 50 ಸಾವಿರ ಡಾಲರ್ ಎಂದು ಅಂದಾಜಿಸುತ್ತಾರೆ, ಅದನ್ನು ಹೊಡೆಯುವ ಪೇಟ್ರಿಯಟ್ ಕ್ಷಿಪಣಿಗೆ 30 ಲಕ್ಷ ಡಾಲರಿಗೂ ಹೆಚ್ಚು. ಆದ್ದರಿಂದಲೇ 2025ರ ಮೇ 8ರ ರಾತ್ರಿ ಪಾಕಿಸ್ತಾನವು 36 ಸ್ಥಳಗಳತ್ತ 300ರಿಂದ 400 ಡ್ರೋನ್‌ಗಳನ್ನು ಕಳುಹಿಸಿತು ಎಂದು ನಮ್ಮ ಸೇನೆ ತಿಳಿಸಿದಾಗ, ಆ ಸಂಘರ್ಷದಲ್ಲಿ ದಶಕಗಳಷ್ಟು ಹಳೆಯ ಎಲ್-70 ವಿಮಾನ ನಿರೋಧಕ ಫಿರಂಗಿಗಳು ನೆರವಿಗೆ ಬಂದದ್ದು ನನಗೆ ಅತ್ಯಂತ ಅರ್ಥಪೂರ್ಣವೆನಿಸಿತು. ಹೊಸ ರಾಡಾರಿನ ಕಣ್ಣು ಸಿಕ್ಕಿದರೆ ಅಗ್ಗದ ಶತ್ರುವಿಗೆ ಅಗ್ಗದ ಗುಂಡೇ ಸಾಕು. ರೇಡಿಯೋ ತರಂಗಗಳನ್ನು ಕೆಡಿಸುವ ಜಾಮರ್‌ಗಳನ್ನೇ ನೆಚ್ಚಿಕೊಳ್ಳುವಂತಿಲ್ಲ. ಉಕ್ರೇನ್ ಯುದ್ಧದಲ್ಲಿ ಆಪ್ಟಿಕಲ್ ಫೈಬರಿನ ಎಳೆಯನ್ನು ಬಿಚ್ಚುತ್ತ ಹಾರುವ ಡ್ರೋನ್‌ಗಳಿವೆ, ಕೆಡಿಸಲು ಅವುಗಳಲ್ಲಿ ರೇಡಿಯೋ ಸಂಪರ್ಕವೇ ಇರುವುದಿಲ್ಲ.

ನಮ್ಮ ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಅದು ಸೇನಾನೆಲೆಯಲ್ಲ, ಆದರೂ ದೇಶದ ಸಂವಹನ ಉಪಗ್ರಹಗಳನ್ನು ಸಂಭಾಳಿಸುವ ಅದರ ದೊಡ್ಡ ಆಂಟೆನಾಗಳು ಆಕಾಶಕ್ಕೆ ತೆರೆದುಕೊಂಡೇ ನಿಂತಿರಬೇಕು, ಅವಕ್ಕೆ ಸೂರು ಹಾಕುವಂತಿಲ್ಲ. ಇತ್ತ ತೋಟಗಳಲ್ಲಿ ಔಷಧಿ ಸಿಂಪಡಿಸಲು, ಕಾಡಾನೆಗಳ ಜಾಡು ಹಿಡಿಯಲು, ಮದುವೆಯ ವಿಡಿಯೋ ತೆಗೆಯಲು ಡ್ರೋನ್ ಹಾರುವುದು ಮಲೆನಾಡಿನಲ್ಲಿ ಸಾಮಾನ್ಯವಾಗಿ, ಅದರ ಸದ್ದಿಗೆ ಯಾರೂ ತಲೆಯೆತ್ತಿ ನೋಡುತ್ತಿಲ್ಲ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿವೆಯಾದರೂ, ನೋಂದಣಿಯಾದ ಡ್ರೋನ್ ಯಾವುದು, ಆಗದಿರುವುದು ಯಾವುದು ಎಂದು ಕಾವಲಿನವನಿಗೆ ಕೆಲವೇ ಕ್ಷಣಗಳಲ್ಲಿ ತಿಳಿಸುವ ಸಾಧನ ಅವನ ಕೈಯಲ್ಲಿರದಿದ್ದರೆ, ಆ ಬಣ್ಣಗಳಿಗೆ ಹೆದರುವವರು ತೋಟದವರು ಮಾತ್ರ.